ಅವಳ ಯೀಸ್ಟು, ನನ್ನ ಕೈ

ಹಾನಗಲ್ಲಿನ ನಮ್ಮ ಓಣಿಯಲ್ಲಿ ನನ್ನ ಓರಗೆಯ ಹುಡುಗಿಯೆಂದರೆ ಅವಳೊಬ್ಬಳೇ. ನಮ್ಮಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಅವಳಪ್ಪ ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್. ಎಪ್ಪತ್ತರ ದಶಕದ ಆರಂಭದ ಆ ವರ್ಷಗಳಲ್ಲಿ ಇಬ್ಬರೂ ಒಂದೇ ಹೈಸ್ಕೂಲಿಗೆ ಹೋಗುತ್ತಿದ್ದೆವು, ಒಂದೇ ಬೆಂಚಿನ ಮೇಲೆ ಕೂರುತ್ತಿದ್ದೆವು. ಫಲಿತಾಂಶ ಬಂದಾಗಲೆಲ್ಲ ಅವಳು ಮೊದಲು, ನಾನು ಎರಡನೆಯವಳು. ನಾನು ಎಷ್ಟು ಓದಿದರೂ ಅಷ್ಟೇ. ಅವ್ವ ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದಳು, "ಆಕಿಗೆ ಎಷ್ಟು ಬಿದ್ದಾವ?" ನನಗೆಷ್ಟು ಬಿದ್ದಿವೆ ಎನ್ನುವುದು ಆಮೇಲಿನ ಮಾತು.

ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸುವವರೆಗೂ ನಾವು ಒಟ್ಟಿಗೇ ಇದ್ದೆವು. ಹಾಸ್ಟೆಲಿನಲ್ಲಿ ಒಂದೇ ಖೋಲಿ. ಆಗ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಲು ಒಬ್ಬರಿಗೆ ಜಾಗ ಇದೆಯೆಂದು ತಿಳಿದು, ಇಬ್ಬರೂ ಅರ್ಜಿ ಹಾಕಿ, ಒಂದೇ ಬಸ್ಸಿನಲ್ಲಿ ಸಂದರ್ಶನಕ್ಕೆ ಹೋದೆವು. ನನ್ನನ್ನು ಮೊದಲು ಕರೆದರು. ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಹೊರಗೆ ಬಂದೆ. ಅವಳು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲೇ ಇಲ್ಲ. ಮುಚ್ಚಿದ ಬಾಗಿಲಿನ ಆಚೆ ನಗು ಕೇಳಿಸಿತು. ಗಂಡಸರ ನಗುವಿನ ಜೊತೆ ಅವಳ ನಗುವೂ ಇತ್ತು. ಜಾಗ ಯಾರಿಗೆ ಸಿಕ್ಕಿತೆಂದು ನನಗೆ ಆಗಲೇ ತಿಳಿಯಿತು.

ಅವಳು ಬೆಂಗಳೂರಿಗೆ ಹೋದಳು. ನಾನು ಹಿರೇಕೆರೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಲು ಸೇರಿದೆ. ಸಂತೆಯ ದಿನ ಅರ್ಧ ತರಗತಿ ಖಾಲಿ ಇರುತ್ತಿತ್ತು. ಉಳಿದರ್ಧಕ್ಕೆ ನಾನು ಕಪ್ಪೆಯ ಹೃದಯದ ಚಿತ್ರ ಬರೆದು ತೋರಿಸುತ್ತಿದ್ದೆ. ಬರೆಯುತ್ತಿದ್ದಂತೆಯೇ ಅವಳು ಈಗ ಏನು ಮಾಡುತ್ತಿರಬಹುದು ಎಂಬ ಯೋಚನೆ ಬರುತ್ತಿತ್ತು. ಮದುವೆಯಾದ ಮೇಲೆ ಶಿಗ್ಗಾಂವಿಯ ಕಾಲೇಜಿಗೆ ಬಂದೆ. ನನ್ನ ಯಜಮಾನರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಮಗಳು ಹುಟ್ಟಿದಳು. ಬದುಕು ಕೆಟ್ಟದಾಗೇನೂ ಇರಲಿಲ್ಲ. ಆದರೆ ರಜೆಗೆ ಹಾನಗಲ್ಲಿಗೆ ಹೋದಾಗ ಅವಳೂ ಬಂದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಅವಳು ಕತ್ತರಿಸಿಕೊಂಡಿದ್ದ ಕೂದಲು, ಕೈಗಡಿಯಾರ, ಮಾತಿನ ನಡುವೆ "ನಮ್ಮ ಲ್ಯಾಬಿನಾಗ" ಎನ್ನುವುದು, ಎಲ್ಲವೂ ಚುಚ್ಚುತ್ತಿದ್ದವು. ಓಣಿಯ ಹೆಂಗಸರು ಅವಳನ್ನು ಸುತ್ತುವರಿದು ಕೂರುತ್ತಿದ್ದರು. ನಮ್ಮವ್ವನೂ ಅವರೊಂದಿಗೆ ಕೂತಿರುತ್ತಿದ್ದಳು.

ಅವಳು ಕೆಲಸ ಮಾಡುತ್ತಿದ್ದದ್ದು ಯೀಸ್ಟಿನ ಮೇಲೆ. ಬೇಕರಿಯವರು ಬ್ರೆಡ್ಡಿನ ಹಿಟ್ಟು ಉಬ್ಬಿಸಲು ಹಾಕುವ ಅದೇ ಯೀಸ್ಟು.

"ಅಷ್ಟು ಓದಿ ಹಿಟ್ಟು ಉಬ್ಬಸಾಕ ಕಲ್ಯಾಕತ್ತೀಯೇನ?" ಎಂದು ಒಮ್ಮೆ ಕೇಳಿದೆ. ಎಲ್ಲರೂ ನಕ್ಕರು. ಅವಳೂ ನಕ್ಕುಬಿಟ್ಟಳು. ಅದರಿಂದ ನನಗೆ ಇನ್ನಷ್ಟು ಉರಿಯಿತು.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಅವಳ ತಮ್ಮನಿಗೆ ಸವಣೂರಿನ ಹುಡುಗಿ ಗೊತ್ತಾಗಿ, ಮದುವೆ ಸವಣೂರಿನಲ್ಲೇ ಎಂದು ನಿಶ್ಚಯವಾಗಿತ್ತು. ಅದಕ್ಕೂ ಕೆಲವು ವಾರ ಮುಂಚೆ ಒಂದು ಮಧ್ಯಾಹ್ನ ಅವಳು ಶಿಗ್ಗಾಂವಿಯ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಹಗ್ಗ ಬಿಗಿದ ತಗಡಿನ ಡಬ್ಬಿ. ನೀರು ಕುಡಿಯುವ ಮೊದಲೇ ಡಬ್ಬಿಯನ್ನು ನೆರಳಿನಲ್ಲಿಟ್ಟಳು.

"ಇದರಾಗ ಏನೈತಿ?"

"ನನ್ನ ಯೀಸ್ಟು. ನಿಂದೊಂದು ಸಹಾಯ ಬೇಕಾಗೇತಿ. ಇಲ್ಲಂದ್ರ ನನ್ನ ಈ ವರ್ಷದ ಕೆಲಸ ಪೂರಾ ಹಾಳಾಗತೈತಿ."

ಅವಳು ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ನಾನು ಚಹಾಕ್ಕಿಟ್ಟೆ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅವಳು ತನ್ನ ಕೆಲಸ ವಿವರಿಸಿದಳು. ನನ್ನೆದುರು ಅಷ್ಟು ನಿಧಾನವಾಗಿ, ಬಿಡಿಸಿ ಬಿಡಿಸಿ ಅವಳು ಹಿಂದೆಂದೂ ಹೇಳಿರಲಿಲ್ಲ.

ಯೀಸ್ಟಿನ ಕೋಶದೊಳಗೂ ನಮ್ಮ ಕೋಶಗಳಲ್ಲಿರುವಂತೆ ವರ್ಣತಂತುಗಳಿವೆ. ಪ್ರತಿ ತಂತುವಿನ ಎರಡೂ ತುದಿಗೆ, ಡಿಎನ್‌ಎಯ ಹೆಚ್ಚುಕಡಿಮೆ ಒಂದೇ ಬಗೆಯ ಅಕ್ಷರಗಳು ಮತ್ತೆ ಮತ್ತೆ ಬರುವ ಒಂದು ಬಾಲವಿರುತ್ತದೆ. ಅದಕ್ಕೆ ಟೆಲೊಮಿಯರ್ ಎಂದು ಹೆಸರು. ಕೋಶ ಎರಡಾಗುವಾಗ ತಂತುವಿನ ನಕಲು ಆಗಬೇಕು. ಆದರೆ ನಕಲು ಮಾಡುವ ವ್ಯವಸ್ಥೆಗೆ ಕಟ್ಟಕಡೆಯ ತುದಿಯವರೆಗೆ ಮುಟ್ಟಲು ಆಗುವುದಿಲ್ಲ. ಹಾಗಾಗಿ ಪ್ರತಿ ಸಲವೂ ಬಾಲ ಇಷ್ಟಿಷ್ಟೇ ಸವೆಯುತ್ತದೆ. ಸವೆಯುತ್ತಲೇ ಹೋದರೆ ಕೋಶ ಸಾಯಬೇಕು. ಆದರೆ ಯೀಸ್ಟು ತಲೆಮಾರುಗಟ್ಟಲೆ ಬದುಕುತ್ತಲೇ ಇರುತ್ತದೆ. ಅಂದರೆ ಸವೆದದ್ದನ್ನು ಅದು ತಿರುಗಿ ಸೇರಿಸಿಕೊಳ್ಳುತ್ತಿದೆ.

"ಸೇರಿಸ್ಕೋತೈತಿ ಅಂದ್ರ ಸೇರಿಸ್ಕೋಲಿ, ಅದರಾಗ ಏನ್ ದೊಡ್ಡದು?" ಎಂದೆ.

"ಎಷ್ಟು ಸೇರಿಸಬೇಕು ಅಂತ ಅದಕ್ಕ ಹೆಂಗ ಗೊತ್ತಾಗತೈತಿ? ಭಾಳ ಸೇರಿಸಿದ್ರ ಬಾಲ ಬೆಳ್ಕೋತ ಹೋಗಬೇಕಲ್ಲ? ಹಂಗಾಗಂಗಿಲ್ಲ. ಒಂದೊಂದು ತಳಿಗೆ ಒಂದೊಂದು ಅಳತಿ. ಆ ಅಳತಿ ಬಿಟ್ಟು ಭಾಳ ಹೆಚ್ಚೂ ಆಗಂಗಿಲ್ಲ, ಭಾಳ ಕಡಿಮಿನೂ ಆಗಂಗಿಲ್ಲ."

"ಹೆಂಗ ಗೊತ್ತಾಗತೈತಿ ಮತ್ತ?"

"ಅದs ಯಾರಿಗೂ ಗೊತ್ತಿಲ್ಲ," ಎಂದಳು. ಹಾಗೆನ್ನುವಾಗ ಅವಳ ಮುಖ ಅರಳಿತ್ತು. ನಾನು ತರಗತಿಯಲ್ಲಿ ಗೊತ್ತಿಲ್ಲ ಎಂದರೆ ಹುಡುಗರು ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗುತ್ತಿದ್ದರು. ಅದೇ ಮಾತು ಅವಳ ಬಾಯಲ್ಲಿ ಒಡವೆಯಂತೆ ಹೊಳೆಯಿತು.

ಅವಳ ಬಳಿ ಒಂದು ಕೆಟ್ಟ ತಳಿ ಇತ್ತು. ಅದರಲ್ಲಿ ಒಂದು ಜೀನ್ ಹಾಳಾಗಿ ಬಾಲಗಳು ಮಿತಿ ಮೀರಿ ಉದ್ದವಾಗಿದ್ದವು. ಅದನ್ನು ಒಳ್ಳೆಯ ತಳಿಯೊಂದಿಗೆ ಕೂಡಿಸಿದ್ದಳು. ಹುಟ್ಟಿದ ಕೋಶದಲ್ಲಿ ಈಗ ಒಳ್ಳೆಯ ಜೀನ್ ಇತ್ತು, ಜೊತೆಗೆ ಹಳೆಯ ಉದ್ದ ಬಾಲಗಳೂ ಇದ್ದವು. ಆ ಬಾಲಗಳು ಒಮ್ಮೆಲೇ ಮೊಟಕಾಗುತ್ತವೆಯೋ, ತಲೆಮಾರಿನಿಂದ ತಲೆಮಾರಿಗೆ ನಿಧಾನಕ್ಕೆ ಇಳಿಯುತ್ತವೆಯೋ ಎನ್ನುವುದೇ ಅವಳ ಪ್ರಶ್ನೆ. ತಿಳಿಯಬೇಕಾದರೆ ದಿನ ಬಿಟ್ಟು ದಿನ, ಯೀಸ್ಟು ಬೆಳೆಸುವ ಹಳೆಯ ಗಾಜಿನ ಪ್ಲೇಟಿನಿಂದ ಒಂದು ಚುಕ್ಕೆ ಯೀಸ್ಟನ್ನು ಹೊಸ ಪ್ಲೇಟಿನ ಮೇಲೆ ಗೆರೆ ಎಳೆದು ಬೆಳೆಸಬೇಕು. ಹಳೆಯ ಪ್ಲೇಟನ್ನು ತಣ್ಣಗೆ ಕಾದಿಡಬೇಕು. ಬೆಂಗಳೂರಿಗೆ ಮರಳಿದ ಮೇಲೆ ಪ್ರತಿ ಪ್ಲೇಟಿನಿಂದಲೂ ಡಿಎನ್‌ಎ ತೆಗೆದು ಬಾಲದ ಉದ್ದ ನೋಡಬೇಕು.

"ಅಲ್ಲೇ ಯಾರಿಗಾದರೂ ಒಪ್ಪಿಸಿ ಬರಬೇಕಾಗಿತ್ತು."

"ಒಬ್ಬಾಂವ ಇದ್ದಾನ. ನಾ ಕೆಡೋದನ್ನs ಕಾಯಾಕತ್ತಾನ. ಇಲ್ಲಿ ಹಾನಗಲ್, ಸವಣೂರು ಅಂತ ನಾ ತಿರಗಬೇಕು, ಮದುವಿ ಕೆಲಸ. ನಿಮ್ಮ ಕಾಲೇಜಿನ ಲ್ಯಾಬಿಗೆ ರಜಾ ಐತಿ, ಕೀಲಿ ನಿನ್ನ ಕಡೆ ಐತಿ. ನೀ ಮಾಡಿಕೊಡ್ತಿ?"

ಮಾಡಿಕೊಡುತ್ತೇನೆ ಎಂದೆ. ಗೆಳೆತನಕ್ಕಾಗಿ ಹಾಗೆಂದೆ ಎಂದರೆ ಸುಳ್ಳಾಗುತ್ತದೆ. ಅವಳಿಗೆ ಸಿಕ್ಕಿದ್ದು ಏನೆಂದು ನನ್ನ ಕೈಯಾರೆ ಮುಟ್ಟಿ ನೋಡಬೇಕಿತ್ತು.

ಮರುದಿನ ನಮ್ಮ ಮನೆಯ ಕುಕ್ಕರಿನಲ್ಲಿ ಗಾಜಿನ ಪ್ಲೇಟುಗಳನ್ನೂ ತಣಿದರೆ ಗಟ್ಟಿಯಾಗುವ ಅಗರ್ ಹಾಕಿದ ಗಂಜಿಯಂಥ ದ್ರವವನ್ನೂ ಬೇಯಿಸಿದೆವು. ಮನೆಯೆಲ್ಲ ಬೇಕರಿಯ ವಾಸನೆ. ಕಾಲೇಜಿನ ಲ್ಯಾಬಿನಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಸ್ಪಿರಿಟ್ ದೀಪ ಹಚ್ಚಿ ಕೂತೆವು. ತಂತಿಯ ಕುಣಿಕೆಯನ್ನು ಕೆಂಪಗೆ ಕಾಯಿಸಿ, ಆರಲು ಬಿಟ್ಟು, ಯೀಸ್ಟಿನ ಒಂದು ಬಿಳಿ ಚುಕ್ಕೆಯನ್ನು ಮುಟ್ಟಿ, ಹೊಸ ಪ್ಲೇಟಿನ ಮೇಲೆ ಹಗುರವಾಗಿ ಗೆರೆ ಎಳೆಯುವುದನ್ನು ಅವಳು ತೋರಿಸಿದಳು. ಗೆರೆ ಮುಗಿಯುವ ಕಡೆ ಒಂದೊಂದೇ ಕೋಶ ಉದುರಬೇಕು. ಆ ಒಂದು ಕೋಶ ಎರಡಾಗಿ, ನಾಲ್ಕಾಗಿ, ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಯಾಗುವಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ತಲೆಮಾರು ಕಳೆದಿರುತ್ತದೆ. ನಾನೂ ಎಳೆದೆ. ಹುಡುಗರಿಗೆ ಚಿತ್ರ ಬರೆದು ಬರೆದು ನನ್ನ ಕೈ ಪಳಗಿತ್ತು. ಗೆರೆ ಎಲ್ಲೂ ನಡುಗಲಿಲ್ಲ.

"ಛಲೋ ಬಂತು," ಎಂದಳು. ಅಷ್ಟು ಹೇಳಿ ಸವಣೂರಿನ ಬಸ್ಸು ಹತ್ತಿದಳು.

ಹೀಗೆ ಅವಳ ಯೀಸ್ಟು ನನ್ನದಾಯಿತು. ಬಿಸಿಲು ಬಹಳ ಏರಿದರೆ ಯೀಸ್ಟಿಗೆ ಆಗುವುದಿಲ್ಲವೆಂದು, ಅಗಲ ಪರಾತದಲ್ಲಿ ಒದ್ದೆ ಉಸುಕು ತುಂಬಿ, ಅದರ ಮೇಲೆ ತಗಡಿನ ಡಬ್ಬಿ ಇಟ್ಟು, ಥರ್ಮಾಮೀಟರ್ ನೋಡುತ್ತಿದ್ದೆ. ಮಗಳನ್ನು ಪಕ್ಕದ ಮನೆಯವರ ಬಳಿ ಬಿಟ್ಟು, ನೆತ್ತಿಯ ಮೇಲೆ ಸೆರಗು ಹೊದ್ದು ಕಾಲೇಜಿಗೆ ನಡೆಯುತ್ತಿದ್ದೆ. ಹಳೆಯ ಪ್ಲೇಟುಗಳನ್ನು ಕಾಗದದಲ್ಲಿ ಸುತ್ತಿ ಔಷಧಿ ಅಂಗಡಿಯ ಫ್ರಿಜ್ಜಿಗೆ ಒಯ್ದಿಡುತ್ತಿದ್ದೆ. ಅಂಗಡಿಯ ಸಾಹೇಬರು ನನ್ನ ಯಜಮಾನರಿಗೆ ಪರಿಚಿತರು.

"ಮೇಡಂ, ಇದು ಯಾವ ಬೀಮಾರಿದು? ನನ್ನ ಇಂಜೆಕ್ಷನ್ನಿಗೆ ಹತ್ತಂಗಿಲ್ಲಲ್ಲ?" ಎಂದು ಅವರು ಕಾಗದದ ಪೊಟ್ಟಣವನ್ನು ದೂರದಿಂದಲೇ ನೋಡಿದರು.

"ಬ್ರೆಡ್ಡಿಗೆ ಹಾಕೋದರಿ. ಏನೂ ಆಗಂಗಿಲ್ಲ."

"ಬ್ರೆಡ್ಡಿಂದಾ? ಹಂಗಾದ್ರ ಇಡ್ರಿ, ಇಡ್ರಿ."

ದಿನಗಳು ಕಳೆದಂತೆ ನನಗೊಂದು ವಿಚಿತ್ರ ಸುಖ ಹತ್ತಿತು. ಮುಚ್ಚಳ ತೆಗೆದಾಗ ಸಾಲಾಗಿ ಕೂತ ಬಿಳಿ ಚುಕ್ಕೆಗಳು, ಹುಳಿ ಹಿಟ್ಟಿನ ವಾಸನೆ, ಒಳಗೆ ಯಾರ ಕಣ್ಣಿಗೂ ಕಾಣದೆ ಏನೋ ಅಳತೆ ನಡೆಯುತ್ತಿದೆಯೆಂಬ ತಿಳಿವು. ಆ ಸುಖದ ಬೆನ್ನಿಗೇ ಇನ್ನೊಂದು ಯೋಚನೆ ಬರುತ್ತಿತ್ತು. ಇದನ್ನು ಅವಳು ಪ್ರತಿದಿನ ಅನುಭವಿಸುತ್ತಾಳೆ. ಇಷ್ಟು ವರ್ಷ ಅವಳ ಕೈಗಡಿಯಾರಕ್ಕೆ, ಓಣಿಯವರ ಹೊಗಳಿಕೆಗೆ ಕರುಬುತ್ತಿದ್ದೆ. ಅದೆಲ್ಲ ಸಣ್ಣದು, ಕರುಬಬೇಕಾದದ್ದು ಬೇರೆಯೇ ಇತ್ತು ಎಂದು ಈಗ ಗೊತ್ತಾಯಿತು. ಗೊತ್ತಾದ ಮೇಲೆ ಹೊಟ್ಟೆಯ ಉರಿ ಇನ್ನಷ್ಟು ಆಳಕ್ಕೆ ಇಳಿಯಿತು.

ಮದುವೆಗೆ ಎರಡು ದಿನ ಇರುವಾಗ ಲ್ಯಾಬಿನ ಮುಂದೆ ಒಂದು ಕಾರು ಬಂದು ನಿಂತಿತು. ಇಳಿದವರು ನೆರೆಗೂದಲಿನ ತೆಳ್ಳನೆಯ ಮನುಷ್ಯ. ಅವಳ ಗೈಡ್. ಬೆಂಗಳೂರಿನಿಂದ ಪುಣೆಗೆ ಹೊರಟವರು, ಹೆದ್ದಾರಿಯಲ್ಲೇ ಶಿಗ್ಗಾಂವಿ ಸಿಗುವುದರಿಂದ ತಮ್ಮ ವಿದ್ಯಾರ್ಥಿನಿಯ ಕೆಲಸ ನೋಡಿಕೊಂಡು ಹೋಗೋಣವೆಂದು ವಿಚಾರಿಸುತ್ತ ಬಂದಿದ್ದರು. ಅವಳು ಸವಣೂರಿನಲ್ಲಿದ್ದಾಳೆ ಎಂದೆ. ನನ್ನ ಯಜಮಾನರು ಸವಣೂರಿಗೆ ಹೊರಟಿದ್ದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಅವಳಿಗೆ ಸುದ್ದಿ ಕಳಿಸಿದರು.

ಅವರು ಕಾಯುತ್ತ ಸ್ಟೂಲಿನ ಮೇಲೆ ಕೂತು ಡಬ್ಬಿ ತೆರೆದರು. ಒಂದೊಂದೇ ಪ್ಲೇಟನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

"ಇದನ್ನ ಎಳೆದಿದ್ದು ಯಾರಮ್ಮ?" ಮೈಸೂರು ಕಡೆಯ ಮಾತು.

"ನಾನs ರೀ, ಸರ್."

"ಎಷ್ಟು ವರ್ಷದಿಂದ ಮಾಡ್ತಿದ್ದೀರಿ?"

"ಈಗ ಕಲತೇನ್ರಿ. ಆಕಿನs ತೋರಿಸಿಕೊಟ್ಲು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಆಮೇಲೆ ಪ್ರಶ್ನೆ ಕೇಳಲು ತೊಡಗಿದರು. ಯಾವ ಚುಕ್ಕೆಯನ್ನು ಆರಿಸುತ್ತೀರಿ, ದೊಡ್ಡದನ್ನೋ ಸಣ್ಣದನ್ನೋ? ಯಾಕೆ? ಬಾಲ ಇಳಿಯುತ್ತಿದ್ದರೆ ಎಲ್ಲಿಗೆ ನಿಲ್ಲಬೇಕು ಅನ್ನಿಸುತ್ತದೆ? ಗೊತ್ತಿದ್ದಕ್ಕೆ ಉತ್ತರಿಸಿದೆ. ಒಂದೆರಡು ಕಡೆ ತಪ್ಪು ಹೇಳಿದೆ. ತಪ್ಪನ್ನು ತಿದ್ದುವಾಗಲೂ ಅವರು ನನ್ನನ್ನು ಗಂಭೀರವಾಗಿಯೇ ಮಾತನಾಡಿಸಿದರು. ಅಷ್ಟು ವರ್ಷಗಳ ಹಿಂದೆ ಮುಚ್ಚಿದ ಬಾಗಿಲಿನ ಆಚೆ ಅವಳೊಂದಿಗೆ ನಡೆದದ್ದು ಇಂಥ ಮಾತೇ ಇರಬೇಕು ಎನ್ನಿಸಿತು.

ಅವಳು ಬಂದಾಗ ಬಿಸಿಲು ಇಳಿಯತೊಡಗಿತ್ತು. ರೇಷ್ಮೆ ಸೀರೆ, ಕೈಗೆಲ್ಲ ಅರಿಸಿನ, ಮುಡಿದ ಮಲ್ಲಿಗೆ ಬಸ್ಸಿನ ಗಾಳಿಗೆ ಅರ್ಧ ಉದುರಿತ್ತು. ಬಾಗಿಲಲ್ಲೇ ನಿಂತು ನಮ್ಮಿಬ್ಬರನ್ನೂ ನೋಡಿದಳು.

"ನೋಡಿ," ಎಂದರು ಅವರು ಅವಳಿಗೆ. "ನಿಮ್ಮ ಪ್ಲೇಟುಗಳಿಗಿಂತ ಇವು ಚೆನ್ನಾಗಿವೆ. ಇವರ ಕೈ ಬಹಳ ಶುದ್ಧ." ಮತ್ತೆ ನನ್ನತ್ತ ತಿರುಗಿ, "ಮುಂದಿನ ಬೇಸಿಗೆ ರಜೆಗೆ ನಮ್ಮಲ್ಲಿಗೆ ಬನ್ನಿ. ಕೆಲಸ ಕಲಿಯಬಹುದು," ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅವಳು ಉತ್ತರ ಕೊಟ್ಟಳು. "ಸರ್, ಅವಳಿಗೆ ಮನೆ ಇದೆ, ಚಿಕ್ಕ ಮಗು ಇದೆ. ಅವಳು ಹೇಗೆ ಬರುತ್ತಾಳೆ?"

ಅವಳ ಮುಖದಲ್ಲಿ ನಗು ಹಾಗೇ ಇತ್ತು. ಆದರೆ ಕೆನ್ನೆಯ ಒಂದು ಕಡೆ ಸಣ್ಣಗೆ ಅದುರಿತು. ಅದೇನೆಂದು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ.

"ಬರ್ತೇನ್ರಿ, ಸರ್," ಎಂದೆ.

ಕಾರು ಹೋದ ಮೇಲೆ ಅವಳನ್ನು ಬಸ್ ನಿಲ್ದಾಣಕ್ಕೆ ಬಿಡಲು ಹೋದೆ. ದವಸದ ಅಂಗಡಿಗಳ ಸಾಲು ದಾಟಿದೆವು. ಕೊನೆಗೆ ನಾನೇ ಕೇಳಿದೆ.

"ನನ್ನ ಮನಿ, ನನ್ನ ಮಗಳು. ನೀ ಯಾಕ ಉತ್ತರ ಕೊಟ್ಟಿ?"

"ಇದ್ದದ್ದನ್ನ ಹೇಳಿದೆ."

"ನಿನಗ ಉರೀತು. ಅದಕ್ಕ ಹೇಳಿದಿ."

ಅವಳು ನಿಂತುಬಿಟ್ಟಳು. "ಹೌದು, ಉರೀತು! ದಿನಾ ಅಲ್ಲಿ ಸಾಯಾಕತ್ತೇನಿ ನಾ. ಒಂದು ದಿನಾ ಆ ಮನಷ್ಯಾ ನನಗ ಛಲೋ ಮಾಡಿ ಅಂದಿಲ್ಲ. ಹೊರದೇಶದವರು ಒಂದಿಷ್ಟು ಮಂದಿ ನಂಗಿಂತ ಮುಂದ ಹೋಗ್ಯಾರ. ನಾ ಒಂದು ಮಾಡೂದ್ರಾಗ ಅವರದು ಹತ್ತು ಲೇಖನ ಅಚ್ಚಾಗಿ ಬರತಾವ. ನಿನಗೇನ್ ಗೊತ್ತು? ನೀ ಹದಿನೈದು ದಿನ ಗೆರಿ ಎಳದಿ, ನಿನ್ನ ಕೈ ಶುದ್ಧ ಅಂತ!"

ದಾರಿಹೋಕರು ತಿರುಗಿ ನೋಡಿದರು. ನನಗೂ ತಡೆಯಲಾಗಲಿಲ್ಲ.

"ಹೈಸ್ಕೂಲಿಂದ ನಿನ್ನ ಕಂಡು ಹೊಟ್ಟಿ ಉರಕೊಂಡೇನಿ ನಾ. ನೀ ಊರಿಗೆ ಬಂದ್ರ ನನಗ ಅನ್ನ ಇಳೀತಿರಲಿಲ್ಲ. ಇವತ್ತು ನಿನ್ನ ಮಾರಿ ನೋಡಿದೆ ನೋಡು, ಜೀವ ತಣ್ಣಗಾತು."

ಅವಳು ನನ್ನನ್ನೇ ದಿಟ್ಟಿಸಿದಳು. ಕಣ್ಣು ತುಂಬಿಕೊಂಡಿತ್ತು. "ಹೈಸ್ಕೂಲಿಂದ?" ಎಂದಳು. ನಿಜಕ್ಕೂ ಅವಳಿಗೆ ಅದು ತಿಳಿದಿರಲಿಲ್ಲ. ಇಷ್ಟು ವರ್ಷ ನಾನು ಉರಿದದ್ದು ಅವಳ ಗಮನಕ್ಕೂ ಬಂದಿರಲಿಲ್ಲ ಎಂಬುದು ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ಬಸ್ಸು ಬಂತು. ಅವಳು ಹತ್ತಿ, ಕಿಟಕಿಯ ಪಕ್ಕ ಕೂತು, ಮುಖ ಆಚೆ ತಿರುಗಿಸಿಕೊಂಡಳು.

ಮದುವೆಗೆ ಹೋದೆ, ಅಕ್ಕಿಕಾಳು ಹಾಕಿದೆ, ಉಂಡು ಬಂದೆ. ಅವಳು ಪಂಕ್ತಿಯಲ್ಲಿ ನನಗೆ ಹೋಳಿಗೆ ಬಡಿಸಿದಳು, ಮಾತಾಡಲಿಲ್ಲ. ನಂತರ ಒಂದು ಬೆಳಿಗ್ಗೆ ಬಂದು ಫ್ರಿಜ್ಜಿನಲ್ಲಿದ್ದ ಪ್ಲೇಟುಗಳನ್ನೆಲ್ಲ ಕಟ್ಟಿಕೊಂಡು ಬೆಂಗಳೂರಿಗೆ ಹೋದಳು. ಆ ವರ್ಷ ದೀಪಾವಳಿಗೂ ಊರಿಗೆ ಬರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನಾನು ಹೊರಟೆ. ಅತ್ತೆ ಎರಡು ದಿನ ಮುನಿಸಿಕೊಂಡರು. ಯಜಮಾನರು ಮಾತ್ರ, "ಹೋಗಿ ಬಾ. ಇಲ್ಲಂದ್ರ ಜೀವನಪೂರ್ತಿ ನನಗs ಬೈತಿ," ಎಂದು ತಾವೇ ಬಸ್ಸಿನಲ್ಲಿ ಸೀಟು ಹಿಡಿದು ಕೂರಿಸಿದರು. ಮಗಳು ಹಾನಗಲ್ಲಿನ ಅವ್ವನ ಬಳಿ ಉಳಿದಳು. ಗೈಡಿಗೆ ನಾನು ಬರೆದ ಕಾಗದದಿಂದ ತಿಳಿದು, ಬೆಂಗಳೂರಿನ ನಿಲ್ದಾಣದಲ್ಲಿ ಅವಳೇ ಕಾಯುತ್ತಿದ್ದಳು. ನನ್ನ ಚೀಲವನ್ನು ಕಸಿದುಕೊಂಡು ಮುಂದೆ ನಡೆದಳು.

ಲ್ಯಾಬಿನಲ್ಲಿ ನಾನೇನೂ ಪವಾಡ ಮಾಡಲಿಲ್ಲ. ಡಿಎನ್‌ಎಯನ್ನು ಉದ್ದದ ಪ್ರಕಾರ ಬೇರ್ಪಡಿಸುವ ತೆಳು ಜೆಲ್ಲನ್ನು ಎತ್ತುವಾಗ ಹರಿದುಹಾಕಿದೆ, ಒಮ್ಮೆ ಇಡೀ ದಿನದ ಡಿಎನ್‌ಎಯನ್ನು ಸಿಂಕಿಗೆ ಚೆಲ್ಲಿದೆ. ಗೆರೆ ಎಳೆಯುವುದೊಂದೇ ನನಗೆ ಬರುತ್ತಿತ್ತು. ಉಳಿದದ್ದರಲ್ಲಿ ಅವಳ ಬೆರಳುಗಳ ವೇಗ ನೋಡಿಯೇ ನನಗೆ ಸುಸ್ತಾಗುತ್ತಿತ್ತು. ಅವಳು ನಿಜಕ್ಕೂ ನನಗಿಂತ ಮುಂದಿದ್ದಳು. ಅದನ್ನು ಕಣ್ಣಾರೆ ಕಂಡರೆ ಅಸೂಯೆ ಇಳಿಯಬಹುದೆಂದುಕೊಂಡಿದ್ದೆ. ಇಳಿಯಲಿಲ್ಲ.

ಒಂದು ದಿನ ಅವಳು ಎಕ್ಸ್‌ರೇ ಫಿಲ್ಮೊಂದನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಹರಡಿದಳು. ಸಾಲು ಸಾಲಾಗಿ ಕಪ್ಪು ಪಟ್ಟಿಗಳು. ಪ್ರತಿ ಸಾಲೂ ಒಂದೊಂದು ಪ್ಲೇಟಿನ ಯೀಸ್ಟಿನದು. ಎಡಗಡೆಯಲ್ಲಿ ಪಟ್ಟಿ ಮೇಲಿತ್ತು, ಅಂದರೆ ಬಾಲ ಉದ್ದ. ಬಲಕ್ಕೆ ಸರಿದಂತೆ ಅದು ಇಷ್ಟಿಷ್ಟೇ ಕೆಳಗಿಳಿದಿತ್ತು. ಕೊನೆಯ ಸಾಲುಗಳಲ್ಲಿ ಇನ್ನು ಇಳಿಯದೆ ಒಂದೇ ಮಟ್ಟಕ್ಕೆ ನಿಂತಿತ್ತು. ಒಮ್ಮೆಲೇ ಮೊಟಕಾಗಿರಲಿಲ್ಲ. ನೂರಾರು ತಲೆಮಾರು ನಿಧಾನವಾಗಿ ಸವೆದು, ತನ್ನ ಅಳತೆಗೆ ಬಂದು, ಅಲ್ಲಿಗೆ ನಿಂತಿತ್ತು.

"ಹೊರದೇಶದವರದೂ ಹಿಂಗs ಐತಿ," ಎಂದಳು ಅವಳು. "ಹೊಸದೇನಲ್ಲ. ಆದರ ನಮ್ಮದೂ ಖರೆ ಬಂತು." ನಡುವಿನ ಕೆಲವು ಸಾಲುಗಳ ಮೇಲೆ ಬೆರಳಾಡಿಸಿದಳು. "ಇವು ನಿನ್ನವು. ಶಿಗ್ಗಾಂವಿಯವು."

ನಾನು ಬಗ್ಗಿ ನೋಡಿದೆ. ಬಿಸಿಲಲ್ಲಿ ಸೆರಗು ಹೊದ್ದು ನಡೆದ ಆ ದಿನಗಳಲ್ಲಿ ನನ್ನ ಕೈಕೆಳಗೆ ಆ ಬಾಲಗಳು ಇಳಿಯುತ್ತಿದ್ದವು. ಅವಳು ಫಿಲ್ಮಿನ ಒಂದು ಫೋಟೋ ಪ್ರತಿ ತೆಗೆಸಿ ನನ್ನ ಚೀಲದಲ್ಲಿ ಹಾಕಿದಳು.

ಜೂನ್ ಹೊತ್ತಿಗೆ ಶಿಗ್ಗಾಂವಿಗೆ ಮರಳಿದೆ. ಅವಳಿಗೆ ಮರುವರ್ಷ ಪಿಎಚ್.ಡಿ. ಪದವಿ ಬಂತು, ಇನ್ನೊಂದು ಊರಿನ ಇನ್ನೂ ದೊಡ್ಡ ಸಂಸ್ಥೆಯಲ್ಲಿ ಕೆಲಸವೂ ಸಿಕ್ಕಿತು. ಈಗ ಊರಿಗೆ ಬಂದರೆ ನಮ್ಮ ಮನೆಗೆ ಬಂದೇ ಹೋಗುತ್ತಿದ್ದಳು. ಹೊಸ್ತಿಲ ಮೇಲೆ ಕೂತು, "ಇನ್ನೂ ಉರೀತೇನ?" ಎಂದು ಕೇಳುತ್ತಿದ್ದಳು. "ಉರೀದೇ ಏನ್ ಮಾಡತೈತಿ?" ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ಅವಳದು ಪೂರ್ತಿ ನಗು. ನನ್ನದು ಅರ್ಧ.

ಬೆಂಗಳೂರಿನಿಂದ ಬಂದ ದಿನವೇ ಆ ಫೋಟೋವನ್ನು ಯಜಮಾನರಿಗೆ ತೋರಿಸಿದ್ದೆ. ಅವರು ಕಿಟಕಿಯ ಬಳಿ ಹೋಗಿ, ತಿರುಗಿಸಿ ಮುರುಗಿಸಿ ನೋಡಿದರು.

"ಇದರಾಗ ನೀ ಎಲ್ಲದಿ?"

ನಡುವಿನ ಸಾಲುಗಳನ್ನು ತೋರಿಸಿದೆ.

"ಇಷ್ಟs? ಮತ್ತ ಉಳದದ್ದು?"

"ಆಕಿದು," ಎಂದು ಫೋಟೋ ಇಸಿದುಕೊಂಡು, ಚಹಾಕ್ಕಿಡಲು ಒಳಗೆ ಹೋದೆ.